ಹರಾಜಿನ ತಂಡ, ಊರಿನ ಹೆಸರು

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಐ.ಪಿ.ಎಲ್. ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿ ರೂಪಾಯಿಗೆ ದೆಹಲಿಯ ಪಾಲಾದಾಗ ಹೊಸಪೇಟೆ, ಕಂಪ್ಲಿಗಳ ಕ್ರಿಕೆಟ್ ಅಭಿಮಾನಿಗೆ ಕಸಿವಿಸಿಯಾದುದು ಸಹಜವೇ. ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕನ್ನಡಿಗರು ಬೆರಳೆಣಿಕೆಯವರು! ವಿನೋದವೆಂದರೆ, 2018ರಲ್ಲಿ ದೆಹಲಿ ತಂಡದ ಅರ್ಧ ಪಾಲು ಕೊಂಡ ಜಿಂದಾಲ್ ಸಂಸ್ಥೆಯ ಉಕ್ಕಿನ ಕುಲುಮೆಗಳು ಉರಿಯುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿಯೇ. 2025ರ ಏಪ್ರಿಲ್ 10ರಂದು ರಾಹುಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಅಜೇಯ 93 ಓಟ ಗಳಿಸಿ ಬೆಂಗಳೂರನ್ನು ಸೋಲಿಸಿದರು.

ಆದರೂ ಆ ಜೂನ್ 3ರಂದು ಪ್ರಶಸ್ತಿ ಬಂದುದು ಬೆಂಗಳೂರಿಗೇ. ಹರಾಜಿನಲ್ಲಿ ಕೊಂಡ ಕೃಣಾಲ್ ಪಾಂಡ್ಯರೇ ಅಂತಿಮ ಪಂದ್ಯದ ಶ್ರೇಷ್ಠರು. ಆಯ್ಕೆ ತಪ್ಪೆನ್ನಲಾಗದು. ಅಭಿಮಾನಿಯ ಅಳಲು ಸೋಲು-ಗೆಲುವಿನದಲ್ಲ. 2008ರಲ್ಲಿ ಪ್ರತಿ ತಂಡದಲ್ಲಿಯೂ ಸ್ಥಳೀಯ ಆಟಗಾರರು ಇರಬೇಕೆಂಬ ನಿಯಮವಿತ್ತು. ಅದನ್ನು ಮತ್ತೆ ತರಬೇಕೆಂಬ ಅವನ ಬೇಡಿಕೆ ನ್ಯಾಯವಾದುದು. ಕಂಪ್ಲಿಯ ಬಯಲಿನಲ್ಲಿ ಆಡುವ ಹುಡುಗನಿಗೂ ಅದರಲ್ಲಿ ಪಾಲುಂಟು.