ಯೋಬನ ಲೆಕ್ಕ

ಹತ್ತೊಂಬತ್ತು ವರ್ಷದ ಮಗನನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು. ಗರಗದ ನಮ್ಮ ಮನೆಯಲ್ಲಿ ಸಾಂತ್ವನದ ಪ್ರಾರ್ಥನೆ. ಬಂದ ಸಭಾಪಾಲಕರು ಯೋಬನ ಪುಸ್ತಕದ ಕೊನೆಯ ಅಧ್ಯಾಯ ತೆಗೆದರು. ಯೋಬ ಕಳೆದುಕೊಂಡದ್ದೆಲ್ಲ ಎರಡರಷ್ಟಾಗಿ ಬಂತು, ನಿಮಗೂ ಬರುತ್ತದೆ ಎಂದರು. ನಾನು ಬಿಕ್ಕಿದೆ. ಅದಕ್ಕೆ ಅವರು, "ಕಣ್ಣೀರು ಅಲ್ಪವಿಶ್ವಾಸದ ಗುರುತು ರೀ ಟೀಚರ್, ಮಗ ಕರ್ತನ ಹತ್ರ ಅದಾನ, ಸಂತೋಷ ಪಡ್ರಿ" ಎಂದು ಚಹಾ ಕುಡಿದು ಹೋದರು.

ನಾನು ವಿಧೇಯ ಹೆಂಗಸು. ಅಳು ನಿಲ್ಲಿಸಿದೆ. ನಾಲ್ಕು ತಿಂಗಳು ಶಾಲೆಗೆ ಹೋದೆ, ಪಾಠ ಮಾಡಿದೆ, ಹಾಜರಿ ಕೂಗಿದೆ, ಒಳಗೆ ಕಲ್ಲು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ, ನಮ್ಮೂರ ಖಾದಿ ಕೇಂದ್ರದಲ್ಲಿ ಧ್ವಜದ ಬಟ್ಟೆಗೆ ನೂಲು ತೆಗೆದು ಕೈ ಸವೆಸಿಕೊಂಡವಳು, ಲಿಂಗಾಯತರಾಕೆ, ದಿನಾ ಎರಡು ರೊಟ್ಟಿ ಪಲ್ಯ ತಂದಿಟ್ಟು ಸುಮ್ಮನೆ ಕೂಡುತ್ತಿದ್ದಳು. ಒಂದು ದಿನ ಅಂದಳು: "ಅಕ್ಕೋರ, ಅತ್ತುಬಿಡ್ರಿ. ಒಳಗ ಇಟಗೊಂಡ್ರ ಹುಳಿತೈತಿ." ಸತ್ಯವೇದ ಓದದ ಆಕೆಗೆ ತಿಳಿದದ್ದು ದೇವಜ್ಞಾನ ಕಲಿತವರಿಗೆ ತಿಳಿಯಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿಯೇ ನಾನು ಯೋಬನನ್ನು ಮತ್ತೆ ಓದಲು ಕೂತದ್ದು.

ಲೆಕ್ಕದ ಟೀಚರಿಗೆ ಲೆಕ್ಕವೇ ಮೊದಲು ಕಾಣುತ್ತದೆ. ಮೊದಲ ಅಧ್ಯಾಯದಲ್ಲಿ ಯೋಬನಿಗೆ 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಕತ್ತೆ. ಕೊನೆಯಲ್ಲಿ 14,000, 6,000, 1,000 ಜೋಡಿ, 1,000. ಸರಿ, ಎರಡರಷ್ಟು. ಮಕ್ಕಳು? ಮೊದಲು 7 ಗಂಡು 3 ಹೆಣ್ಣು. ಕೊನೆಯಲ್ಲಿಯೂ 7 ಗಂಡು 3 ಹೆಣ್ಣು. ಇಪ್ಪತ್ತಾಗಬೇಕಿತ್ತಲ್ಲ! ಆಗಿಲ್ಲ. ನನಗೆ ತಿಳಿದಂತೆ ಅರ್ಥ ಇಷ್ಟೇ: ಸತ್ತ ಹತ್ತು ಮಕ್ಕಳು ಇನ್ನೂ ಯೋಬನ ಲೆಕ್ಕದಲ್ಲಿಯೇ ಇದ್ದಾರೆ. ಕುರಿ ಹೋದರೆ ಕುರಿ ಕೊಂಡೇವು, ಮಗನ ಜಾಗಕ್ಕೆ ಯಾರನ್ನು ತರೋಣ?

ಅದೇ ಪುಸ್ತಕದಲ್ಲಿ ಗೆಳೆಯರ ಕಥೆ ನೋಡಿ. ಎಲೀಫಜ, ಬಿಲ್ದದ, ಚೋಫರ ಮೂವರೂ ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಕೂತರು, ತುಟಿ ಬಿಚ್ಚಲಿಲ್ಲ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಸಾಂತ್ವನಕಾರರಿಲ್ಲ. ಬಾಯಿ ತೆರೆದು ದೇವರ ಪರವಾಗಿ ವಾದ ಶುರುಮಾಡಿದರು ನೋಡಿ, ಕೆಟ್ಟಿತು. ಕಡೆಗೆ ದೇವರು ಸಿಟ್ಟಾದದ್ದು ಅತ್ತು ಕೂಗಾಡಿದ ಯೋಬನ ಮೇಲಲ್ಲ, ಈ ಮೂವರ ಮೇಲೆ.

ಇದಕ್ಕೆ ಉತ್ತರವಾಗಿ ಥೆಸಲೋನಿಕದವರಿಗೆ ಬರೆದ ಪತ್ರವನ್ನು ಎತ್ತಿಹಿಡಿಯುವವರಿದ್ದಾರೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂಬರ್ಥದ ಮಾತು ಅಲ್ಲಿದೆ, ಒಪ್ಪಿದೆ. ದುಃಖಿಸಲೇಬೇಡಿ ಎಂದು ಎಲ್ಲಿದೆ? ಸಂತೋಷಪಡಿರೆಂದು ಫಿಲಿಪ್ಪಿಯವರಿಗೆ ಬರೆದ ಪೌಲನೇ ಅದೇ ಪತ್ರದಲ್ಲಿ, ಕಾಯಿಲೆ ಬಿದ್ದ ಎಪಫ್ರೊದೀತ ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಹೇಳಿಕೊಂಡಿದ್ದಾನೆ. ಸ್ತೆಫನನನ್ನು ಹೂಣಿಟ್ಟ ಭಕ್ತರು ಗೋಳಾಡಿದರು. ಇನ್ನು ಯೇಸು? ಕೆಲವೇ ಹೊತ್ತಿನಲ್ಲಿ ಲಾಜರನನ್ನು ತಾನೇ ಎಬ್ಬಿಸಲಿದ್ದರೂ ಅತ್ತ. ಆತನದೂ ಅಲ್ಪವಿಶ್ವಾಸವೇ?

ನಾನು ಸತ್ಯವೇದ ಬಿಟ್ಟವಳಲ್ಲ, ಸಭೆ ಬಿಟ್ಟವಳೂ ಅಲ್ಲ. ನನ್ನನ್ನು ಮನುಷ್ಯಳನ್ನಾಗಿ ಮಾಡಿದ್ದೂ ಒಬ್ಬ ಸಭಾಪಾಲಕರೇ, ನಿವೃತ್ತರಾದ ಹಿರಿಯರು. ಧಾರವಾಡದಿಂದ ಬಸ್ಸಿನಲ್ಲಿ ಬಂದು, 88ನೆಯ ಕೀರ್ತನೆ ಓದಿ, ಪುಸ್ತಕ ಮುಚ್ಚಿ ಕೂತರು. ಬೇರೆ ಪ್ರಲಾಪದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. "ಇದನ್ನೂ ದೇವರ ವಾಕ್ಯ ಅಂತನ ಇಟ್ಟಾರವಾ" ಎಂದರು, ಅಷ್ಟೇ. ಅಂದು ಸಂಜೆಯವರೆಗೆ ಅತ್ತೆ. ಮುಂದಿನ ವಾರ ಮತ್ತೆ ಬಂದರು. ಮಗನ ಹೆಸರು ಹಿಡಿದು, ಅವನಿಗೆ ಯಾವ ಪಲ್ಯ ಸೇರುತ್ತಿತ್ತು ಎಂದು ಕೇಳಿದರು. ಅಲ್ಲಿಯವರೆಗೆ ಆ ಹೆಸರನ್ನು ನನ್ನೆದುರು ಯಾರೂ ಎತ್ತಿರಲಿಲ್ಲ.

ಹೀಗೆ ಕೂಡುವುದನ್ನೂ ಕಲಿಸಬಹುದು. ಸ್ವತಃ ಮಾನಸಿಕ ಕಾಯಿಲೆ ಅನುಭವಿಸಿದ್ದ ಆಂಟನ್ ಬಾಯ್ಸನ್ ಎಂಬ ಪಾದ್ರಿ 1925ರಲ್ಲಿಯೇ ಅಮೆರಿಕದ ವೂಸ್ಟರ್ ಆಸ್ಪತ್ರೆಯಲ್ಲಿ ದೇವಜ್ಞಾನದ ವಿದ್ಯಾರ್ಥಿಗಳನ್ನು ರೋಗಿಗಳ ಬಳಿ ಕೂಡಿಸಿ ಕೇಳಿಸಿಕೊಳ್ಳಲು ಕಲಿಸಿದ. ನಮ್ಮಲ್ಲಿ ಉಪದೇಶದ ಧ್ವನಿಗಿರುವ ಬೆಲೆ ಕಿವಿಗಿಲ್ಲ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ ಬಂದವರು. 1876–78ರ ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಸಾಕಿದವರು. ಅಂಥ ಮಿಷನ್ನಿನ ನೆರಳಲ್ಲಿ ಬೆಳೆದ ಸಭೆಗೆ ಅಳುವ ತಾಯಿಯೊಬ್ಬಳನ್ನು ಕಂಡರೆ ಇಷ್ಟು ಗಾಬರಿ ಯಾಕೆ?

ಗಾಬರಿಪಡಬೇಕಾದ ಕಡೆ ಮಾತ್ರ ಪಡುವುದಿಲ್ಲ. ದುಃಖ ತಿಂಗಳುಗಟ್ಟಲೆ ಸ್ವಲ್ಪವೂ ಇಳಿಯದೆ, ಉಣ್ಣಲು ದುಡಿಯಲು ಬಿಡದಿದ್ದರೆ ಅದಕ್ಕೂ ಚಿಕಿತ್ಸೆಯಿದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದು ಸೇರಿದೆ. ಕನಿಷ್ಠ ಆರು ತಿಂಗಳು ದಾಟಿರಬೇಕೆಂದು ಹೇಳಿದೆ. ಎಂಟನೆಯ ದಿನಕ್ಕೇ ಕಣ್ಣೊರೆಸಿಕೋ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಇದೆ. ಅಲ್ಲಿಗೆ ಕರೆದೊಯ್ಯುವುದು ವಿಶ್ವಾಸಕ್ಕೆ ಕೊರತೆಯೆನ್ನುವವರು ತಮ್ಮ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವುದನ್ನು ನಾನೇ ನೋಡಿದ್ದೇನೆ.

ಇಷ್ಟಲ್ಲದೆ, ಸಾವಿನ ಮನೆಯಲ್ಲಿ ಬೇರೆ ಕೆಲಸವೂ ಇರುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು. ಮಗನ ಹೆಸರು ಹೊಡೆದುಹಾಕುವ ಅರ್ಜಿಗೆ ತಾಯಿ ಸಹಿ ಹಾಕುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ನನ್ನ ಜೊತೆ ಬಂದು ನಿಂತದ್ದು ಆ ಅಜ್ಜಿ. ಸಾಲಿನಲ್ಲಿ ಒಂದೂವರೆ ತಾಸು ನಿಂತಳು, ಏನೂ ಮಾತಾಡಲಿಲ್ಲ. ಸಹಿಯಾದ ಮೇಲೆ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು.