ಅಡ್ವಾನ್ಸ್ ಹತ್ತು ತಿಂಗಳದ್ದು, ಪ್ಲಗ್ ಪಾಯಿಂಟ್ ಮಾತ್ರ ಒಂದೇ!

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ಒಂದು ಸುತ್ತು ಹಾಕಿ. ಗೇಟಿಗೆ ತಂತಿಯಲ್ಲಿ ಬಿಗಿದ 'ಟು-ಲೆಟ್' ಬೋರ್ಡು ಕಂಡೇ ಕಾಣುತ್ತದೆ. ಫೋನ್ ಮಾಡಿ ನೋಡಿ. ಮೊದಲ ಪ್ರಶ್ನೆ "ಎಷ್ಟು ಜನ?", ಎರಡನೇದು "ಎಲ್ಲಿ ಕೆಲಸ?", ಮೂರನೇದು "ವೆಜ್ಜಾ, ನಾನ್‌ವೆಜ್ಜಾ?". ನಾಲ್ಕನೇದನ್ನು ಕೆಲವರು ನೇರವಾಗಿ ಕೇಳುತ್ತಾರೆ, ಉಳಿದವರು "ನಿಮ್ಮದು ಯಾವೂರು, ನೀವು ಯಾವ ಪೈಕಿ" ಅಂತ ಸುತ್ತಿ ಬಳಸಿ ಕೇಳುತ್ತಾರೆ. ಇಷ್ಟಕ್ಕೆಲ್ಲ ಉತ್ತರ ಕೊಟ್ಟ ಮೇಲೆ ನಾವೊಂದು ಪ್ರಶ್ನೆ ಕೇಳಿದರೆ? "ಅಡುಗೆಮನೇಲಿ ಎಷ್ಟು ಪ್ಲಗ್ ಪಾಯಿಂಟ್ ಇದೆ ಸಾರ್?" ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಅದೆಲ್ಲಾ ಇದೆ ರೀ, ಬಂದು ನೋಡಿ. ಅಡ್ವಾನ್ಸ್ ಹತ್ತು ತಿಂಗಳದ್ದು."

ಈ ಎರಡು ಮಾತಿಗೂ ಸಂಬಂಧ ಇದೆ ಅನ್ನೋದೇ ನನ್ನ ಇವತ್ತಿನ ತಕರಾರು. ನಮ್ಮ ಬಾಡಿಗೆ ಮನೆಗಳು ಇವತ್ತಿನ ಬದುಕಿಗೆ ಹೊಂದದೇ ಇರುವುದಕ್ಕೆ ಓನರ್‌ಗಳ ಹತ್ತಿರ ದುಡ್ಡಿಲ್ಲದಿರುವುದು ಕಾರಣ ಅಲ್ಲ. ಮನೆ ಹೇಗಿದ್ದರೂ ಅವರಿಗೆ ನಷ್ಟ ಆಗದ ಹಾಗೆ ನಾವೇ ಒಂದು ಪದ್ಧತಿಯನ್ನು ಒಪ್ಪಿಕೊಂಡು ಕೂತಿದ್ದೇವೆ. ಆ ಪದ್ಧತಿಯ ಹೆಸರು ಅಡ್ವಾನ್ಸ್.

ಮೊದಲು ಮನೆ ಹೇಗಿರುತ್ತೆ ಅಂತ ನೋಡೋಣ.

ನಾನೂ ನನ್ನ ಹೆಂಡತಿಯೂ ಒಂದೂವರೆ ವರ್ಷ ಇದ್ದದ್ದು ಒಂದು 30x40 ಸೈಟಿನ ಮೊದಲ ಮಹಡಿಯಲ್ಲಿ. ಅಂದರೆ ಒಟ್ಟು 1200 ಚದರಡಿ ಜಾಗ. ಅದರಲ್ಲಿ ಮಹಡಿಗೆ ಎರಡು ಮನೆ. ಬೆಡ್‌ರೂಮಿನ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್. ಹಾಲಿನಲ್ಲಿ ಎರಡು ಸಾಕೆಟ್, ಒಂದು ಟೀವಿಗೆ, ಇನ್ನೊಂದು ಬಾಗಿಲ ಹಿಂದೆ. ಅಡುಗೆಮನೆಯಲ್ಲಿ ಒಂದೇ ಒಂದು. ಅದಕ್ಕೆ ಫ್ರಿಜ್ ಹಾಕಬೇಕೋ, ಮಿಕ್ಸಿ ಹಾಕಬೇಕೋ, ನೀರಿನ ಫಿಲ್ಟರ್ ಹಾಕಬೇಕೋ ನೀವೇ ತೀರ್ಮಾನ ಮಾಡಿ. ವಾಷಿಂಗ್ ಮಷಿನ್ ಇಡಲು ಜಾಗವೂ ಇಲ್ಲ, ನಲ್ಲಿಯೂ ಇಲ್ಲ. ಆದರೆ ದೇವರ ಮನೆಗೆ ಗ್ರಾನೈಟ್, ಹಾಲಿಗೆ ಫಾಲ್ಸ್ ಸೀಲಿಂಗ್! ನೋಡೋಕೆ ಬಂದವರಿಗೆ ಕಾಣುವುದು ಅದೇ ತಾನೇ.

ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ :) ಒಂದು ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ಸುಮಾರು 2000 ವ್ಯಾಟ್ ಎಳೆಯುತ್ತದೆ. 230 ವೋಲ್ಟಿಗೆ ಭಾಗಿಸಿದರೆ 8.7 ಆಂಪಿಯರ್. ಗೋಡೆಯಲ್ಲಿರುವ ಸಣ್ಣ ಸಾಕೆಟ್ 6 ಆಂಪಿಯರಿಗೆ ಮಾಡಿದ್ದು. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಅದರಲ್ಲಿ ಒಲೆ, ಮಿಕ್ಸಿ, ಕೆಟಲ್ ಎಲ್ಲ ಹಾಕಿದರೆ ತಂತಿ ಬಿಸಿಯಾಗದೆ ಇನ್ನೇನಾಗುತ್ತೆ? ಬೇಕಿದ್ದದ್ದು ಎರಡು 16 ಆಂಪಿಯರ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪದ ವೈರು, ಮತ್ತು 30 ಮಿಲಿಆಂಪಿಯರ್ ಸೋರಿದರೂ ತಕ್ಷಣ ಕರೆಂಟ್ ಕಟ್ ಮಾಡುವ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಎರಡು ದಿನ ಕೂತು ಕೆಲಸ ಮಾಡಿದರೆ ಮುಗಿಯಿತು. ಇದು ಐಷಾರಾಮ ಅಲ್ಲ ಸ್ವಾಮೀ, ಜೀವದ ಪ್ರಶ್ನೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರು ಮನೆಯೊಳಗಿರುವವರು, ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡು ಹೋದವರಲ್ಲ.

ಗಾಳಿ ಬೆಳಕಿನ ವಿಷಯಕ್ಕೆ ಬಂದರೆ, ನಮ್ಮ ದೇಶದ್ದೇ ಒಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ವಾಸದ ಕೋಣೆ ಒಂದೇ ಇದ್ದರೆ ಕನಿಷ್ಠ 9.5 ಚದರ ಮೀಟರ್ (ನಮ್ಮ ಲೆಕ್ಕದಲ್ಲಿ ಸುಮಾರು 102 ಚದರಡಿ) ಇರಬೇಕು ಅನ್ನುತ್ತದೆ ಅದು. ಕಿಟಕಿ, ಗವಾಕ್ಷಿಗಳ ಒಟ್ಟು ಅಳತೆ ಒಣ ಸೆಕೆಯ ಊರಿನಲ್ಲಿ ನೆಲದ ಹತ್ತನೇ ಒಂದು ಪಾಲು, ತೇವದ ಸೆಕೆಯ ಊರಿನಲ್ಲಿ ಆರನೇ ಒಂದು ಪಾಲು ಇರಬೇಕು ಅನ್ನುತ್ತದೆ. ಮಂಗಳೂರಿನ ಸೆಕೆಗೂ ಬೆಂಗಳೂರಿನ ಹವೆಗೂ ವ್ಯತ್ಯಾಸ ಇದೆ ಅಂತ ಸಂಹಿತೆ ಬರೆದವರಿಗೆ ಗೊತ್ತಿತ್ತು. ಮಹಡಿ ಮೇಲೆ ಮಹಡಿ ಏರಿಸುವ ಮೇಸ್ತ್ರಿಗೆ ಅದನ್ನು ಹೇಳಿದವರು ಯಾರೂ ಇಲ್ಲ.

2020ರ ಮಾರ್ಚ್ ತನಕ ಇದೆಲ್ಲ ಹೇಗೋ ನಡೆಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬರುವವರಿಗೆ ಮನೆ ಅಂದರೆ ಮಲಗುವ ಜಾಗ. ಲಾಕ್‌ಡೌನ್ ಆದಾಗ ಎಲ್ಲರಿಗೂ ಗೊತ್ತಾಯಿತು, ಹಗಲು ಹೊತ್ತು ಆ ಮನೆಗಳಲ್ಲಿ ಬದುಕುವುದು ಹೇಗಿರುತ್ತೆ ಅಂತ. ಇವತ್ತಿಗೂ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡುವವರು ಎಷ್ಟೋ ಮಂದಿ. ಇನ್ನು ದಿನವಿಡೀ ಮನೆಯಲ್ಲೇ ಇರುವ ಅಮ್ಮಂದಿರು, ವಯಸ್ಸಾದವರು, ಮಕ್ಕಳು... ಅವರಿಗೆ ಲಾಕ್‌ಡೌನಿಗಿಂತ ಮುಂಚೆಯೂ ಅದೇ ಕತ್ತಲೆ ಇತ್ತು. ನಮಗೆ ಕಾಣಲಿಲ್ಲ ಅಷ್ಟೇ.

ಸರಿ, ಇಷ್ಟು ಸಣ್ಣ ಸಣ್ಣ ರಿಪೇರಿಗಳನ್ನು ಓನರ್ ಯಾಕೆ ಮಾಡಿಸುವುದಿಲ್ಲ? ಈಗ ಅಡ್ವಾನ್ಸಿಗೆ ಬರೋಣ.

ಬಾಡಿಗೆ 25,000 ಅಂತ ಇಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ ಎರಡೂವರೆ ಲಕ್ಷ. ಬ್ಯಾಂಕಿನಲ್ಲಿ ಶೇ. 7ರ ಬಡ್ಡಿ ಅಂತ ಹಿಡಿದರೂ ವರ್ಷಕ್ಕೆ 17,500 ರೂಪಾಯಿ. ನಾವು ಬಿಟ್ಟುಕೊಡುವ ಬಡ್ಡಿ ಇದು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಇನ್ನೊಂದು 25,000. ವರ್ಷ ಇದ್ದು ಬಿಟ್ಟರೆ ಹನ್ನೆರಡು ತಿಂಗಳು ವಾಸ ಮಾಡಿ, ಹದಿಮೂರು ಮುಕ್ಕಾಲು ತಿಂಗಳ ಬಾಡಿಗೆ ಕೊಟ್ಟ ಹಾಗಾಯಿತು. ಈಗೀಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ನಿಜ. ಪೇಂಟಿಂಗ್ ದುಡ್ಡನ್ನು ಮಾತ್ರ ಯಾರೂ ಬಿಟ್ಟಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. "ಹೊಸಬರು ಬಂದ ಮೇಲೆ ನಿಮ್ಮ ಅಡ್ವಾನ್ಸ್ ಕೊಡ್ತೀನಿ" ಅನ್ನುವ ಮಾತು ನೀವೆಲ್ಲ ಕೇಳಿರುತ್ತೀರಿ. ಅಂದರೆ ನಮ್ಮ ದುಡ್ಡನ್ನು ನಮಗೆ ವಾಪಸು ಕೊಡುವವರು ಓನರ್ ಅಲ್ಲ, ಮುಂದಿನ ಬಾಡಿಗೆದಾರ. ಅವನಿಗೆ ಕೊಡುವವನು ಅವನ ಮುಂದಿನವನು. ಓನರಿನ ಜೇಬಿನಿಂದ ಎಂದೂ ಹೊರಗೆ ಬರದ ಸಾಲ ಇದು. ಇತ್ತ ಮನೆ ಬದಲಾಯಿಸಬೇಕಾದರೆ ಹಳೇ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಮನೆಗೆ ಇನ್ನೊಂದು ಅಡ್ವಾನ್ಸ್ ಹೊಂದಿಸಬೇಕು. "ಇಷ್ಟ ಇಲ್ಲದಿದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂತ ಓನರ್ ಧೈರ್ಯವಾಗಿ ಹೇಳುವುದು ಇದೇ ಕಾರಣಕ್ಕೆ. ನಾವು ಎದ್ದು ಹೋಗುವುದಿಲ್ಲ ಅಂತ ಅವರಿಗೆ ಗೊತ್ತು. ಎದ್ದು ಹೋಗಲಾರದ ಗಿರಾಕಿಗೆ ಒಳ್ಳೆ ಊಟ ಯಾರು ಬಡಿಸ್ತಾರೆ ಹೇಳಿ?

"ನೀವು ಐಟಿಯವರು, ನಿಮಗೇನು ಕಷ್ಟ" ಅನ್ನಬೇಡಿ. ನಮಗೆ ಸಂಬಳ ಬರುತ್ತೆ, ಹೇಗೋ ಹೊಂದಿಸುತ್ತೇವೆ. ಗಾರ್ಮೆಂಟ್ಸಿಗೆ ಹೋಗುವವರು, ಆಟೋ ಓಡಿಸುವವರು ಶೀಟಿನ ಮನೆಗೆ ಹೋದರೂ ಕೇಳುವುದು ಇದೇ ಲೆಕ್ಕದ ಅಡ್ವಾನ್ಸ್. ಅವರು ಚೀಟಿ ಎತ್ತಿ, ಒಡವೆ ಗಿರವಿ ಇಟ್ಟು ಕೊಡುತ್ತಾರೆ. ನಮ್ಮದು ಬಿಟ್ಟುಕೊಟ್ಟ ಬಡ್ಡಿ, ಅವರದು ಕಟ್ಟುವ ಬಡ್ಡಿ. ಇನ್ನು ಎಷ್ಟೋ ವಠಾರಗಳಲ್ಲಿ ನಾಲ್ಕು ಮನೆಗೆ ಒಂದೇ ಮೀಟರು. ಯೂನಿಟ್ಟಿಗೆ ಇಷ್ಟು ಅಂತ ಓನರ್ ಹೇಳಿದ್ದೇ ರೇಟು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ತಿಂಗಳಿಗೆ 200 ಯೂನಿಟ್ ತನಕ ಉಚಿತ ಅಂತ ಸರ್ಕಾರ ಹೇಳಿತು. ಮನೆಗೆ ಬೇರೆ ಮೀಟರೇ ಇಲ್ಲದವರು ಅರ್ಜಿ ಹಾಕುವುದು ಎಲ್ಲಿಂದ?

ಪೇಂಟಿಂಗ್ ವಿಷಯ ಇಷ್ಟಕ್ಕೇ ಬಿಡುವ ಹಾಗಿಲ್ಲ. ನಾವು ಖಾಲಿ ಮಾಡಿದಾಗ 24,000 ರೂಪಾಯಿ, ಒಂದು ತಿಂಗಳ ಬಾಡಿಗೆ, ಪೂರ್ತಿ ಮುರಿದುಕೊಂಡರು. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಹದಿನೈದು ದಿನಕ್ಕೆ ನಮ್ಮ ಹೆಸರಿಗೆ ಬಂದಿದ್ದ ಒಂದು ಕಾಗದ ತರಲು ಹೋದರೆ ಹೊಸಬರು ಆಗಲೇ ಸೇರಿಕೊಂಡಿದ್ದರು. ಗೋಡೆ ಮಾತ್ರ ಅದೇ ಹಳೇ ಬಣ್ಣ!

ಕಾನೂನು ಏನು ಹೇಳುತ್ತೆ? ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ಆದರೆ ಅದು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಹಾಗಾಗಿ ನಮ್ಮಂಥವರಿಗೆ ಗತಿ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ ಆ ಕಾಯ್ದೆಯ 108ನೇ ಕಲಮು ಓದಿ ನೋಡಿ, ಆಶ್ಚರ್ಯ ಆಗುತ್ತೆ. ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆ ಅಲ್ಲ. ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಅದೇ ಕಲಮಿನ ಶುರುವಿನಲ್ಲಿ ಒಂದು ಮಾತಿದೆ: ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಮಾತ್ರ ಇದೆಲ್ಲ. "ಬೆಂಗಳೂರಲ್ಲಿ ಎಲ್ಲರೂ ಹೀಗೇ ಮಾಡೋದು" ಅನ್ನುವ ಮಾತಿಗೆ ಅಷ್ಟು ಬೆಲೆ ಬಂದಿರುವುದು ಇದರಿಂದ. ನಾವು ತಲೆ ಆಡಿಸಿದಷ್ಟೂ ರೂಢಿ ಗಟ್ಟಿಯಾಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಕಟ್ಟಿದ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30ರಷ್ಟನ್ನು ಸರ್ಕಾರ ಬಿಟ್ಟುಬಿಡುತ್ತದೆ. ರಿಪೇರಿ ಗಿಪೇರಿ ಖರ್ಚಿಗೆ ಅಂತ. ಬಿಲ್ಲು ತೋರಿಸುವುದು ಬೇಡ, ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ. ಅಂದರೆ ಸುಣ್ಣ ಬಣ್ಣದ ಹೆಸರಲ್ಲಿ ಒಂದು ಸಲ ಸರ್ಕಾರದಿಂದ ರಿಯಾಯಿತಿ, ಇನ್ನೊಂದು ಸಲ ನಮ್ಮ ಅಡ್ವಾನ್ಸಿನಿಂದ ಕಡಿತ! ದರ್ಶಿನಿಯಲ್ಲಿ ಇಡ್ಲಿ ತಿಂದವನ ಹತ್ತಿರ ತಟ್ಟೆ ತೊಳೆದ ದುಡ್ಡು ಬೇರೆ ಕೇಳುತ್ತಾರಾ?

ಓನರ್‌ಗಳ ಮಾತನ್ನೂ ಕೇಳಬೇಕು. ಎಲ್ಲರೂ ಸಾಹುಕಾರರಲ್ಲ. ರಿಟೈರ್ ಆದಾಗ ಬಂದ ದುಡ್ಡನ್ನೆಲ್ಲ ಹಾಕಿ, ಸಾಲ ಮಾಡಿ ಮೇಲೆರಡು ಮನೆ ಕಟ್ಟಿ, ಆ ಬಾಡಿಗೆಯಲ್ಲೇ ಜೀವನ ಮಾಡುವವರಿದ್ದಾರೆ. ಮನೆ ಹಾಳು ಮಾಡಿ ಹೋಗುವ, ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು ಓಡಿಹೋಗುವ ಬಾಡಿಗೆದಾರರೂ ಇದ್ದಾರೆ. ಖಾಲಿ ಮಾಡದೆ ಕೋರ್ಟಿಗೆ ಹೋದವರ ಕಥೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ಪ್ರತಿ ಬೀದಿಯಲ್ಲೂ ಕೇಳಿಸುತ್ತದೆ. ಒಪ್ಪಿದೆ. ಆದರೆ ಆ ಭಯಕ್ಕೆ ಒಳ್ಳೆಯ ಅಗ್ರಿಮೆಂಟು, ಮನೆಗೆ ಸೇರುವ ದಿನ ಇಬ್ಬರೂ ಸೇರಿ ತೆಗೆದ ಫೋಟೋ, ಎರಡು ತಿಂಗಳ ಅಡ್ವಾನ್ಸ್ ಸಾಲದೇ? ಕಳ್ಳ ಬಾಡಿಗೆದಾರನ ಭಯಕ್ಕೆ ಎಲ್ಲರಿಂದಲೂ ಜುಲ್ಮಾನೆ ವಸೂಲಿ ಮಾಡುವುದು ಯಾವ ನ್ಯಾಯ?

ಎರಡು ತಿಂಗಳು ಅನ್ನುವುದು ನಾನು ಹುಟ್ಟುಹಾಕಿದ್ದಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೇ ಇದೆ: ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗ್ ಎಲ್ಲ ಮಾಲೀಕನ ಜವಾಬ್ದಾರಿ. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟಿನ ಸಣ್ಣ ರಿಪೇರಿ ಬಾಡಿಗೆದಾರನದ್ದು. ಎಷ್ಟು ನ್ಯಾಯವಾದ ಹಂಚಿಕೆ ನೋಡಿ! ಆದರೆ ಅದು ಬರೀ ಮಾದರಿ. ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ. ನಮ್ಮ ಶಾಸಕರಲ್ಲಿ ಬಾಡಿಗೆ ಕೊಡುವವರೆಷ್ಟು, ಬಾಡಿಗೆ ಪಡೆಯುವವರೆಷ್ಟು ಅಂತ ನೀವೇ ಯೋಚಿಸಿ.

ಅಲ್ಲಿಯ ತನಕ ಓನರ್‌ಗಳ ಹತ್ತಿರ ನನ್ನ ಬೇಡಿಕೆ ಇಷ್ಟು:

1. ಅಡುಗೆಮನೆಗೆ ಕನಿಷ್ಠ ನಾಲ್ಕು ಪಾಯಿಂಟ್, ಅದರಲ್ಲಿ ಎರಡು 16 ಆಂಪಿಯರಿನವು. ಪ್ರತಿ ಮನೆಗೆ ಆರ್‌ಸಿಸಿಬಿ.
2. ಪ್ರತಿ ಮನೆಗೆ ಅದರದೇ ಮೀಟರು.
3. ವಾಷಿಂಗ್ ಮಷಿನ್ನಿಗೆ ಜಾಗ, ನಲ್ಲಿ, ನೀರು ಹೋಗಲು ದಾರಿ.
4. ಹೊಸದಾಗಿ ಕಟ್ಟುವವರು ಒಂದು ಕೋಣೆ ಕಡಿಮೆ ಮಾಡಿ, ಉಳಿದವಕ್ಕೆ ಬೆಳಕು ಬಿಡಿ.
5. ಅಡ್ವಾನ್ಸ್ ಎರಡು ತಿಂಗಳು. ಬಣ್ಣ ನಿಮ್ಮದು.

ಇದಕ್ಕೆ ಬಾಡಿಗೆ ಒಂದು ಸಾವಿರ ಜಾಸ್ತಿ ಕೇಳಿ, ಕೊಡುತ್ತೇವೆ. ಸಿಕ್ಕಿದ್ದಕ್ಕೆ ದುಡ್ಡು ಕೊಡಲು ಯಾರಿಗೂ ಬೇಜಾರಿಲ್ಲ.

ಬಾಡಿಗೆದಾರರ ಹತ್ತಿರವೂ ಒಂದು ಮಾತು. ಮುಂದಿನ ಸಲ ಮನೆ ನೋಡಲು ಹೋದಾಗ ಗ್ರಾನೈಟ್ ನೋಡಬೇಡಿ. ಲೈಟ್ ಆರಿಸಿ, ಕಿಟಕಿ ತೆಗೆದು, ಐದು ನಿಮಿಷ ಸುಮ್ಮನೆ ನಿಲ್ಲಿ. ಪ್ಲಗ್ ಪಾಯಿಂಟ್ ಎಣಿಸಿ. ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಸಾಲು ಬಂದಾಗ "ಇದು ಯಾಕೆ ಸಾರ್?" ಅಂತ ಒಂದು ಸಲ ಕೇಳಿ. ಓನರ್ ತೆಗೆಯದೇ ಇರಬಹುದು. ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯವನಿಗೆ ತೆಗೆದರೂ ತೆಗೆದಾರು. ರೂಢಿ ಅನ್ನುವುದು ಆಕಾಶದಿಂದ ಬಿದ್ದದ್ದಲ್ಲ, ನಾವು ಬಾಯಿ ಮುಚ್ಚಿಕೊಂಡು ಬೆಳೆಸಿದ್ದು.

ಏನಂತೀರಿ?