ಲ್ಯಾಕ್ಟೋಮೀಟರ್ ಹೇಳಿದ್ದೆಲ್ಲ ನಿಜವೇ?



ಹಾಲಿನ ಕೆನೆ ಕೂಡಿಟ್ಟು ತುಪ್ಪ ಕಾಯಿಸುವುದರ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳಲ್ಲಿ ತುಪ್ಪದ ಮಾತಿಗಿಂತ ಹಾಲಿನ ಮಾತೇ ಜಾಸ್ತಿ. "ನಮ್ಮ ಹಾಲಿಗೆ ಕೆನೆಯೇ ಕಟ್ಟುವುದಿಲ್ಲ, ಹಾಲಿನವರು ನೀರು ಹಾಕುತ್ತಾರೆ ಅನ್ನಿಸುತ್ತೆ, ಕಂಡುಹಿಡಿಯುವುದು ಹೇಗೆ?" ಅಂತ ಹಲವರು ಕೇಳಿದ್ದೀರಿ. "ಲ್ಯಾಕ್ಟೋಮೀಟರ್ ತಂದುಬಿಟ್ಟರೆ ಸಾಕಲ್ಲವೇ?" ಅಂತಲೂ ಕೆಲವರು ಬರೆದಿದ್ದೀರಿ. ಉತ್ತರ ಬರೆಯಲು ಕೂತಾಗ ನಾನೇ ಮಾಡಿದ ಒಂದು ತಪ್ಪು ನೆನಪಾಯಿತು. ಹೇಳಿಕೊಳ್ಳಲು ನಾಚಿಕೆ. ಆದರೂ ನಿಮ್ಮ ಹತ್ತಿರ ಅಲ್ಲದೆ ಇನ್ನಾರ ಹತ್ತಿರ ಹೇಳಲಿ?

ಎರಡು ವರ್ಷದ ಹಿಂದಿನ ಮಾತು. ನಮ್ಮ ಮನೆಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಹಾಲು ಹಾಕುತ್ತಿದ್ದಳು. ಎರಡೇ ಹಸು. ಬೆಳಿಗ್ಗೆ ಆರೂವರೆಗೆ ಹಾಲು ಕರೆದು, ಬಿಸಿ ಆರುವ ಮೊದಲೇ ಕ್ಯಾನಿನಲ್ಲಿ ತಂದು ಬಾಗಿಲಲ್ಲಿ ಅಳೆದು ಕೊಡುತ್ತಿದ್ದಳು. ಆರು ವರ್ಷ ಒಂದು ದಿನ ತಪ್ಪಿಸಿದವಳಲ್ಲ. ಆ ವರ್ಷ ಎಲ್ಲರ ಬಾಯಲ್ಲೂ ಕಲಬೆರಕೆಯದೇ ಮಾತು. ನಮ್ಮವರು ಪೇಟೆಯಿಂದ ಒಂದು ಲ್ಯಾಕ್ಟೋಮೀಟರ್ ತಂದರು. ಕೆಳಗೆ ಬುಡ್ಡಿ, ಮೇಲೆ ತೆಳ್ಳಗಿನ ಕಡ್ಡಿ, ಕಡ್ಡಿಯೊಳಗೆ ಅಂಕಿಗಳ ಚೀಟಿ, ಇಷ್ಟೇ ಇರುವ ಗಾಜಿನ ಸಾಧನ. ಹಸುವಿನ ಹಾಲಾದರೆ 28ರ ಮೇಲೆ ತೋರಿಸಬೇಕು ಅಂತ ಅಂಗಡಿಯವನು ಹೇಳಿಕಳಿಸಿದ್ದ.

ಮಾರನೆಯ ಬೆಳಿಗ್ಗೆ ಅವಳು ಹಾಲು ಹಾಕಿದ ತಕ್ಷಣ ಎತ್ತರದ ಲೋಟಕ್ಕೆ ಬಗ್ಗಿಸಿ ಅದನ್ನು ಬಿಟ್ಟೆ. 25! ನನಗೆ ಎಲ್ಲಿಲ್ಲದ ಸಿಟ್ಟು. "ಏನಮ್ಮಾ, ಇಷ್ಟು ವರ್ಷ ನೀರಿಗೆ ದುಡ್ಡು ಇಸ್ಕೊಂಡ್ಯಾ?" ಅಂತ ಬೀದಿಗೆ ಕೇಳುವ ಹಾಗೆ ಅಂದೆ. ಅವಳು ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ, "ಅಮ್ಮಾವ್ರೇ, ಸಾಯಂಕಾಲ ಕೊಟ್ಟಿಗೆಗೆ ಬನ್ನಿ. ನಿಮ್ಮ ಕಣ್ಣೆದುರಿಗೇ ಕರೀತೀನಿ. ಆ ಹಾಲಿಗೆ ನಿಮ್ಮ ಕಡ್ಡಿ ಬಿಟ್ಟು ನೋಡಿ" ಅಂದಳು. ನಾನು ಹೋಗಲಿಲ್ಲ. ಗಾಜಿನ ಕಡ್ಡಿ ಸುಳ್ಳು ಹೇಳುತ್ತದೆಯೇ ಅನ್ನುವ ಧಿಮಾಕು. ಎದುರುಮನೆಯವರು, ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರಲ್ಲ, ಆ ವಾರವೇ ಅವರೂ ಅವಳನ್ನು ಬಿಡಿಸಿದರು.

ಗೌರಿಹಬ್ಬಕ್ಕೆ ನಾದಿನಿಯ ಮಗಳು ಬಂದಳು. ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ಓದಿ, ಹಾಲಿನ ಪರೀಕ್ಷೆ ಮಾಡುವ ಕೆಲಸದಲ್ಲೇ ಇರುವ ಹುಡುಗಿ. ನಾನು ಹೆಮ್ಮೆಯಿಂದ ಈ ಕಥೆ ಹೇಳಿದರೆ ಅವಳು ನಗಲಿಲ್ಲ. "ಅತ್ತೆ, ಹಾಲು ಬಿಸಿಯಿತ್ತಾ? ನೊರೆ ಇತ್ತಾ? ಕರೆದು ಎಷ್ಟು ಹೊತ್ತಾಗಿತ್ತು?" ಅಂತ ಒಂದೊಂದಾಗಿ ಕೇಳಿದಳು. ಆಮೇಲೆ ಹಿತ್ತಿಲ ಮನೆಯವರ ಹಸುವಿನ ಹತ್ತಿರ ನನ್ನನ್ನು ನಿಲ್ಲಿಸಿ, ನನ್ನೆದುರಿಗೇ ಕರೆಸಿದ ಹಾಲಿಗೆ ಕಡ್ಡಿ ಬಿಟ್ಟಳು. ಇಪ್ಪತ್ತೈದೂವರೆ! "ಈಗ ಹೇಳಿ ಅತ್ತೆ, ಇದಕ್ಕೆ ನೀರು ಹಾಕಿದವರು ಯಾರು?" ಅಂದಳು. ನನ್ನ ಬಾಯಿ ಕಟ್ಟಿತು. ಅದೇ ಹಾಲನ್ನು ಮುಚ್ಚಿಟ್ಟು, ನಾಲ್ಕು ಗಂಟೆ ಬಿಟ್ಟು, ಚೆನ್ನಾಗಿ ತಣಿದ ಮೇಲೆ ನೊರೆಯಾಗದಂತೆ ಕಲಕಿ ನೋಡಿದರೆ 29.

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಒಂದು ಲೀಟರು ನೀರು ಒಂದು ಕಿಲೋ, ಅಂದರೆ 1000 ಗ್ರಾಂ ತೂಗುತ್ತೆ ಅಂದುಕೊಳ್ಳಿ. ಒಂದು ಲೀಟರು ಹಸುವಿನ ಹಾಲು ಸುಮಾರು 1028ರಿಂದ 1030 ಗ್ರಾಂ. ಆ ಕೊನೆಯ 28, 30 ಅನ್ನುವುದೇ ಕಡ್ಡಿಯ ಮೇಲಿನ ಅಂಕಿ. ನೀರು ಬೆರೆತರೆ ಹಾಲಿನ ತೂಕ ಇಳಿಯುತ್ತೆ, ಕಡ್ಡಿ ಹೆಚ್ಚು ಮುಳುಗುತ್ತೆ, ಅಂಕಿ ಕಡಿಮೆ ತೋರಿಸುತ್ತೆ. ಇಷ್ಟರ ಮಟ್ಟಿಗೆ ಸರಿ. ಆದರೆ ಬಿಸಿಯಾದರೆ ಹಾಲು ಹಿಗ್ಗುತ್ತೆ, ಹಿಗ್ಗಿದರೆ ಲೀಟರಿಗೆ ತೂಕ ಕಡಿಮೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದ್ದರೆ ಸುಮಾರು ಎರಡು ಅಂಕಿ, ಕೆಲವು ಸಲ ಇನ್ನೂ ಸ್ವಲ್ಪ ಹೆಚ್ಚೇ ಇಳಿದುಬಿಡುತ್ತೆ. ಎಷ್ಟು ಡಿಗ್ರಿಯಲ್ಲಿ ನೋಡಬೇಕು ಅಂತ ಕಡ್ಡಿಯ ಚೀಟಿಯಲ್ಲೇ ಬರೆದಿರುತ್ತೆ, ನಾವು ಓದುವುದಿಲ್ಲ. ಮೇಲಾಗಿ ಆಗತಾನೆ ಕರೆದ ಹಾಲಿನಲ್ಲಿ ಗಾಳಿಯ ಗುಳ್ಳೆ ಸೇರಿರುತ್ತೆ, ಜಿಡ್ಡು ಇನ್ನೂ ಗಟ್ಟಿಯಾಗಿರುವುದಿಲ್ಲ. ಅದರಿಂದಲೂ ಅಂಕಿ ಇಳಿಯುತ್ತೆ. ಹಾಗಾಗಿ ಕರೆದ ಕೂಡಲೇ ಪರೀಕ್ಷೆ ಮಾಡಲೇಬಾರದು.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಕೆನೆ ನೀರಿಗಿಂತ ಹಗುರ. ಒಂದು ಲೀಟರು ಹಾಲಿನ ಜಿಡ್ಡು ಸುಮಾರು 930 ಗ್ರಾಂ ಮಾತ್ರ ತೂಗುತ್ತೆ. ಆದ್ದರಿಂದ ಕೆನೆ ತೆಗೆದುಬಿಟ್ಟರೆ ಹಾಲಿನ ಅಂಕಿ ಇಳಿಯುವುದಿಲ್ಲ, ಏರುತ್ತೆ. 35ರ ಹತ್ತಿರ ಬರುತ್ತೆ. ಆಮೇಲೆ ನೀರು ಹಾಕಿ 29ಕ್ಕೆ ಇಳಿಸಿದರೆ ಕಡ್ಡಿ "ಒಳ್ಳೆಯ ಹಾಲು" ಅಂತಲೇ ಹೇಳುತ್ತೆ! ಅಂದರೆ ಬಿಸಿಹಾಲು ತಂದ ಪ್ರಾಮಾಣಿಕಳು ಸಿಕ್ಕಿಬೀಳುತ್ತಾಳೆ, ಕೆನೆ ತೆಗೆದು ನೀರು ಹಾಕಿದವನು ಪಾರಾಗುತ್ತಾನೆ. ಒಂದೇ ಅಳತೆಯನ್ನು ನಂಬಿ ನ್ಯಾಯ ಹೇಳಿದರೆ ಆಗುವುದೇ ಹೀಗೆ.

ಹಾಗಾದರೆ ಪ್ರಯೋಗಾಲಯದವರು ಏನು ಮಾಡುತ್ತಾರೆ? ಅವರು ತೂಕದ ಜೊತೆಗೆ ಜಿಡ್ಡನ್ನೂ ಬೇರೆಯಾಗಿ ಅಳೆಯುತ್ತಾರೆ. ಇದಕ್ಕೆ ಗರ್ಬರ್ ವಿಧಾನ ಅಂತ ಹೆಸರು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದ ಆರಂಭದಲ್ಲಿ ರೂಪಿಸಿದ್ದು. ವಿಶೇಷವಾದ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಬಿರಡೆ ಬಿಗಿದು ಅಲ್ಲಾಡಿಸುತ್ತಾರೆ. ಆಮ್ಲವು ಜಿಡ್ಡೊಂದನ್ನು ಬಿಟ್ಟು ಉಳಿದ ಹಾಲನ್ನೆಲ್ಲ ಕರಗಿಸಿಬಿಡುತ್ತೆ. ಆಮೇಲೆ ಆ ಕೊಳವೆಗಳನ್ನು ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟು ತಿರುಗಿಸಿದರೆ ಜಿಡ್ಡು ತಿಳಿಹಳದಿ ಎಣ್ಣೆಯಂತೆ ಮೇಲೆ ಬಂದು ನಿಲ್ಲುತ್ತೆ. ಕೊಳವೆಯ ಗೆರೆ ನೋಡಿ ಶೇಕಡಾ ಇಷ್ಟು ಅಂತ ಓದಿಬಿಡಬಹುದು. ಗಂಧಕಾಮ್ಲ ಕೈ ಸುಡುವಂಥದ್ದು, ಮನೆಯಲ್ಲಿ ಯಾರೂ ಇದಕ್ಕೆ ಹೋಗಬೇಡಿ.

ಅಮೆರಿಕದಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬುವರು 1890ರಲ್ಲೇ ಇಂಥದ್ದೇ ಒಂದು ವಿಧಾನ ಕಂಡುಹಿಡಿದು, ಪೇಟೆಂಟ್ ಕೂಡ ಮಾಡಿಸಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೆ ಮೊದಲು ಅಲ್ಲಿ ರೈತರಿಗೆ ಹಾಲಿನ ತೂಕ ನೋಡಿ ದುಡ್ಡು ಕೊಡುತ್ತಿದ್ದರಂತೆ. ನೀರು ಹಾಕಿದವನಿಗೆ ಲಾಭ, ಗಟ್ಟಿ ಹಾಲು ತಂದವನಿಗೆ ನಷ್ಟ. ಪರೀಕ್ಷೆ ಅನ್ನುವುದು ಕಳ್ಳರನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಒಳ್ಳೆಯವರನ್ನು ಉಳಿಸುವುದಕ್ಕೂ ಬೇಕು ಅಂತ ನನಗೆ ಆಗ ಹೊಳೆಯಿತು. ಈಗ ನಮ್ಮ ಹಾಲಿನ ಸೊಸೈಟಿಗಳಲ್ಲೂ ಜಿಡ್ಡು ಎಷ್ಟು, ಜಿಡ್ಡು ಬಿಟ್ಟು ಉಳಿದ ಘನಪದಾರ್ಥ ಎಷ್ಟು ಅಂತ ಎರಡನ್ನೂ ನೋಡಿಯೇ ದರ ಹಾಕುತ್ತಾರೆ. ವಿದ್ಯುತ್ ಯಂತ್ರ ಸ್ವಲ್ಪ ಹೊತ್ತಿನಲ್ಲೇ ಚೀಟಿ ಕೊಡುತ್ತೆ.

ಇಷ್ಟಾದರೂ ನೀರಿನ ಅನುಮಾನ ಉಳಿದರೆ ಹಾಲು ಎಷ್ಟು ತಣ್ಣಗಾದಾಗ ಹೆಪ್ಪುಗಟ್ಟುತ್ತೆ ಅಂತ ನೋಡುತ್ತಾರಂತೆ. ನೀರು ಸೊನ್ನೆ ಡಿಗ್ರಿಗೆ ಮಂಜುಗಡ್ಡೆಯಾಗುತ್ತೆ. ಹಸುವಿನ ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗಿಳಿದ ಮೇಲೆ. ಜಿಡ್ಡು ಹೆಚ್ಚಿರಲಿ, ಕಡಿಮೆಯಿರಲಿ, ಇದು ಹೆಚ್ಚು ಬದಲಾಗುವುದಿಲ್ಲ. ನೀರು ಸೇರಿದಷ್ಟೂ ಸೊನ್ನೆಯ ಕಡೆಗೆ ಬರುತ್ತೆ. ಕೆನೆ ತೆಗೆದು ಮುಚ್ಚಿಟ್ಟ ಮೋಸವೂ ಇಲ್ಲಿ ಬಯಲಾಗುತ್ತೆ.

ಕೆನೆ ಕಟ್ಟದಿದ್ದರೆ ನೀರೇ ಹಾಕಿದ್ದಾರೆ ಅನ್ನಬೇಡಿ. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಇರಬೇಕಾದ ಜಿಡ್ಡೇ ಶೇಕಡಾ 3. ಫುಲ್ ಕ್ರೀಮ್ ಆದರೆ 6. ಹೋಮೋಜಿನೈಸ್ ಮಾಡಿದ ಹಾಲಿನಲ್ಲಂತೂ ಜಿಡ್ಡನ್ನು ಸಣ್ಣಸಣ್ಣ ಕಣ ಮಾಡಿ ಬೆರೆಸಿರುವುದರಿಂದ ಕೆನೆ ಕಡಿಮೆಯೇ. ಪ್ಯಾಕೆಟ್ಟಿನ ಮೇಲೆ ಓದಿ ನೋಡಿ.

ಭಯಕ್ಕೂ ಒಂದು ಅಳತೆ ಇರಲಿ. ಆಹಾರ ಸುರಕ್ಷತಾ ಪ್ರಾಧಿಕಾರದವರು 2018ರಲ್ಲಿ ದೇಶದ 1,103 ಊರುಗಳಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿದರು. ಯೂರಿಯಾ, ಮಾರ್ಜಕದಂಥ ವಸ್ತು ಬೆರೆತು ಕುಡಿಯಲು ಅಪಾಯವಾಗಿದ್ದದ್ದು ಹನ್ನೆರಡೇ ಮಾದರಿ. ಆದರೆ 368ರಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಬೂಷ್ಟು ಹಿಡಿದ ಮೇವು, ಹಿಂಡಿ ತಿಂದ ಹಸುವಿನಿಂದ ಬರುವ ವಿಷ ಅದು. ಯಾರೂ ಬೆರೆಸಿದ್ದಲ್ಲ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕಾಯಿಸಿದರೂ ಹೋಗದು. ಪ್ರಯೋಗಾಲಯದಲ್ಲೇ ಗೊತ್ತಾಗಬೇಕು. ಮನೆಯಲ್ಲಿ ಹಸು ಇರುವವರು ಹಿಂಡಿಯನ್ನು ತೇವ ತಗುಲದ ಹಾಗೆ ಇಡಿ.

ಇನ್ನು ಮನೆಯಲ್ಲಿ ಮಾಡಬಹುದಾದದ್ದು:

1. ಪಿಷ್ಟ (ಹಿಟ್ಟು) ಬೆರೆತಿದೆಯೇ ನೋಡಲು ಎರಡು ಚಮಚ ಹಾಲು ಕಾಯಿಸಿ, ಪೂರ್ತಿ ಆರಿಸಿ, ಟಿಂಚರ್ ಅಯೋಡಿನ್ ಎರಡು ಮೂರು ತೊಟ್ಟು ಹಾಕಿ. ನೀಲಿಯಾದರೆ ಹಿಟ್ಟಿದೆ. ಹಾಲು ಬಿಸಿಯಿದ್ದರೆ ನೀಲಿ ಬಣ್ಣ ನಿಲ್ಲುವುದಿಲ್ಲ, ಹಿಟ್ಟಿದ್ದರೂ ಇಲ್ಲ ಅನ್ನಿಸೀತು.

2. ಸೋಪಿನ ಪುಡಿಯ ಅನುಮಾನವಿದ್ದರೆ ಸಣ್ಣ ಸೀಸೆಯಲ್ಲಿ ಎರಡು ಚಮಚ ಹಾಲಿಗೆ ಅಷ್ಟೇ ನೀರು ಸೇರಿಸಿ ಚೆನ್ನಾಗಿ ಕುಲುಕಿ. ದಟ್ಟ ನೊರೆ ನಿಂತರೆ ಅನುಮಾನಿಸಿ. ತೆಳು ಪದರದ ನೊರೆ ಒಳ್ಳೆಯ ಹಾಲಿಗೂ ಬರುತ್ತೆ.

3. ಯಾವುದೇ ಪರೀಕ್ಷೆಗೂ ಮೂರು ಲೋಟ ಇಡಿ. ಒಂದರಲ್ಲಿ ಅನುಮಾನದ ಹಾಲು, ಇನ್ನೊಂದರಲ್ಲಿ ಖಚಿತವಾಗಿ ಒಳ್ಳೆಯದೆಂದು ಗೊತ್ತಿರುವ ಹಾಲು, ಮೂರನೆಯದರಲ್ಲಿ ನೀವೇ ಹಿಟ್ಟನ್ನೋ ಸೋಪನ್ನೋ ಬೆರೆಸಿದ ಹಾಲು. ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಪ್ರಯೋಗಾಲಯದ ಮುಖ್ಯ ಗುಟ್ಟೇ ಇದು ಅಂತ ನಮ್ಮ ಹುಡುಗಿಯ ಮಾತು.

4. ಪರೀಕ್ಷೆಗೆ ಬಳಸಿದ ಹಾಲನ್ನು ಚೆಲ್ಲಿಬಿಡಿ, ಬೆಕ್ಕಿಗೂ ಹಾಕಬೇಡಿ. ಲೋಟಗಳು ಅದಕ್ಕೇ ಬೇರೆಯಿರಲಿ.

5. ಮನೆಯ ಪರೀಕ್ಷೆಯಿಂದ ಅನುಮಾನ ಹುಟ್ಟಬಹುದು, ತೀರ್ಪು ಹೇಳಲಾಗದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೆಯ ಕಲಮಿನ ಪ್ರಕಾರ ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ನಮಗೂ ಇದೆ. ಆದರೆ ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ಹೇಳಬೇಕು. ಅಧಿಕಾರಿಗಳೇ ಮಾದರಿ ತೆಗೆದರೆ ನಾಲ್ಕು ಭಾಗ ಮಾಡುತ್ತಾರೆ. ಮಾರಿದವರು ಕೇಳಿಕೊಂಡರೆ ಅದರಲ್ಲೊಂದು ಭಾಗ ಬೇರೆ ಮಾನ್ಯತೆಯಿರುವ ಪ್ರಯೋಗಾಲಯಕ್ಕೆ ಹೋಗುತ್ತೆ. ಕಾನೂನು ಕೂಡ ಎದುರಿನವರಿಗೆ ಮಾತಾಡಲು ಅವಕಾಶ ಕೊಡುತ್ತೆ ನೋಡಿ. ನಾನು ಕೊಡಲಿಲ್ಲ.

"ನನ್ನ ಹಸುವಿನ ಹಾಲಿಗೆ ನಿಮ್ಮ ಕಡ್ಡಿ ಬಿಟ್ಟು ನೋಡಿ" ಅಂದಳಲ್ಲ ಆ ಹೆಂಗಸು, ಅದೇ ಮೇಲೆ ಹೇಳಿದ ತಾಳೆ ನೋಡುವ ಪರೀಕ್ಷೆ. ಶಾಲೆ ಮೆಟ್ಟಿಲು ಹತ್ತದವಳು ಸರಿಯಾದ ವಿಧಾನ ಹೇಳಿದ್ದಳು. ಹೈಸ್ಕೂಲು ಓದಿದ ನಾನು ಕೇಳಲಿಲ್ಲ.

ಹಬ್ಬದ ಮಾರನೆಯ ದಿನ ಅವಳ ಮನೆಗೆ ಹೋದೆ. ಕೊಟ್ಟಿಗೆ ಗುಡಿಸುತ್ತಿದ್ದಳು. "ನಂದು ತಪ್ಪಾಯ್ತು ಕಣಮ್ಮಾ, ಆ ಕಡ್ಡಿ ನೋಡೋ ಕ್ರಮ ನನಗೆ ಗೊತ್ತಿರಲಿಲ್ಲ" ಅಂದೆ. ಅವಳು ಮಾತಾಡದೆ ಒಳಗೆ ಹೋಗಿ ಸೊಸೈಟಿಯ ಚೀಟಿಗಳ ಕಟ್ಟು ತಂದು ನನ್ನ ಕೈಗಿಟ್ಟಳು. ಒಂದೊಂದು ದಿನದ್ದೂ ಇತ್ತು. ಜಿಡ್ಡು 4ರ ಆಸುಪಾಸು. "ನೀವು ಬಿಡಿಸಿದ ಮೇಲೆ ಡೇರಿಗೇ ಹಾಕ್ತಾ ಇದೀನಿ ಅಮ್ಮಾವ್ರೇ. ಅಲ್ಲಿ ಯಾರೂ ಬಯ್ಯಲ್ಲ, ಚೀಟಿ ಕೊಡ್ತಾರೆ" ಅಂದಳು. ಮತ್ತೆ ನಮ್ಮ ಮನೆಗೆ ಹಾಕು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಕಾಫಿ ಕೊಟ್ಟಳು, ಕುಡಿದು ಬಂದೆ. ಬರುವಾಗ ಎದುರುಮನೆಗೂ ಪಕ್ಕದ ಮನೆಗೂ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೀದಿಯಲ್ಲಿ ಅಂದ ಮಾತನ್ನು ಬೀದಿಯಲ್ಲೇ ವಾಪಸು ತಗೋಬೇಕಲ್ಲ.

ಲ್ಯಾಕ್ಟೋಮೀಟರ್ ಈಗಲೂ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ನೀವೂ ಬೇಕಾದರೆ ತನ್ನಿ, ಬೇಡ ಅನ್ನುವುದಿಲ್ಲ. ಹಾಲು ತಣಿಯಲಿ, ನೊರೆ ಇಳಿಯಲಿ, ಚೀಟಿಯ ಮೇಲಿನ ಡಿಗ್ರಿ ಓದಿ. ಅಂಕಿ ಕಡಿಮೆ ಬಂದರೆ ಸಿಟ್ಟು ಮಾಡುವ ಮೊದಲು ಒಂದು ಸಲ ಹಾಲಿನವರ ಕೊಟ್ಟಿಗೆಗೆ ಹೋಗಿ ಬನ್ನಿ.